ಕಾರ್ಖಾನೆ ಮುಚ್ಚಿದ ಮೇಲೂ ಓಡಿದ ಕಾರು

1965ರಲ್ಲಿ ಏಡನ್‌ನಲ್ಲಿದ್ದ ಬ್ರಿಟಿಷ್ ವಾಯುಪಡೆಯ ಅಧಿಕಾರಿಯೊಬ್ಬರು ಹಳೆಯ ಕ್ರೀಡಾ ಕಾರೊಂದನ್ನು ಕೊಂಡರು. ಅದು ಆಸ್ಟಿನ್-ಹೀಲಿ ಸ್ಪ್ರೈಟ್. ಬಾನೆಟ್ಟಿನ ಮೇಲೆ ಉಬ್ಬಿ ನಿಂತ ಎರಡು ದೀಪಗಳ ಕಾರಣ ಜನ ಅದನ್ನು ‘ಕಪ್ಪೆಗಣ್ಣು’ ಎಂದೇ ಕರೆಯುತ್ತಿದ್ದರು. ಕಾರಿನ ಸ್ಥಿತಿ ಶೋಚನೀಯವಾಗಿತ್ತು. ಅದನ್ನು ಮತ್ತೆ ಕಟ್ಟಲು ಅವರು ನೆರವು ಕೇಳಿದ್ದು ಜಾನ್ ಹೇನ್ಸ್ ಎಂಬ ಸಹೋದ್ಯೋಗಿಯನ್ನು. ತಯಾರಕರ ಕೈಪಿಡಿಯನ್ನು ತೆರೆದು ನೋಡಿದ ಹೇನ್ಸ್‌ಗೆ ಒಂದು ಸಂಗತಿ ಸ್ಪಷ್ಟವಾಯಿತು: ಅದು ಸಾಮಾನ್ಯ ಮಾಲೀಕನಿಗಾಗಿ ಬರೆದ ಪುಸ್ತಕವಲ್ಲ. ಅವರು ಒಂದು ಕ್ಯಾಮೆರಾ ಕೊಂಡು, ಎಂಜಿನ್ನನ್ನು ಕಳಚಿ ಮತ್ತೆ ಜೋಡಿಸಿದ ಪ್ರತಿಯೊಂದು ಹಂತದ ಚಿತ್ರ ತೆಗೆದರು. ಮರುವರ್ಷ ಅದು ಪುಸ್ತಕವಾಗಿ ಬಂದಿತು. ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳೊಳಗೆ ಮಾರಾಟವಾದವು.

ಬ್ರಿಟಿಷ್ ಕ್ರೀಡಾ ಕಾರುಗಳ ಇತಿಹಾಸವನ್ನು ಸಾಮಾನ್ಯವಾಗಿ ವಿನ್ಯಾಸಕಾರರ, ಪಂದ್ಯಗಳ, ಕಾರ್ಖಾನೆಗಳ ಇತಿಹಾಸವೆಂದು ಬರೆಯುತ್ತಾರೆ. ಏಡನ್‌ನ ಈ ಪ್ರಸಂಗ ಬೇರೊಂದು ದಾರಿಯನ್ನು ತೋರಿಸುತ್ತದೆ. ಈ ಕಾರುಗಳನ್ನು ಇಂದಿನವರೆಗೆ ಉಳಿಸಿದ್ದು ಅವುಗಳನ್ನು ಮಾಡಿದವರಿಗಿಂತ ಹೆಚ್ಚಾಗಿ, ಮನೆಯಲ್ಲಿ ಬಿಚ್ಚಿ ಕೂಡಿಸಿದವರು ಎಂಬುದು ನನ್ನ ಅಭಿಪ್ರಾಯ.

ಹೇನ್ಸ್‌ಗಿಂತ ಮೊದಲೇ ಈ ಪರಂಪರೆ ಬೇರೂರಿತ್ತು. 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಅಗ್ಗದ ಕಾರು ಯುದ್ಧಾನಂತರದ ಬ್ರಿಟನ್ನಿನಲ್ಲಿ ಎಲ್ಲೆಲ್ಲೂ ದೊರೆಯುತ್ತಿತ್ತು. ಅದರ ಮೇಲ್ಮೈಯನ್ನು ಕಿತ್ತೆಸೆದು, ಹಗುರವಾದ ಹೊಸ ಒಡಲನ್ನು ಕಟ್ಟಿ, ಸ್ವಂತ ಪಂದ್ಯದ ಕಾರು ಮಾಡಿಕೊಳ್ಳುವುದು ಬಡ ತರುಣರ ಹವ್ಯಾಸವಾಯಿತು. ಕಾಲಿನ್ ಚಾಪ್ಮನ್ 1948ರಲ್ಲಿ ತಮ್ಮ ಮೊದಲ ಲೋಟಸ್ ಕಾರನ್ನು ಕಟ್ಟಿದ್ದು ಇಂಥದ್ದೇ ಆಸ್ಟಿನ್ನಿನಿಂದ, ಅದೂ ತಮ್ಮ ಗೆಳತಿಯ ತಂದೆತಾಯಿಯರ ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಸ್ವತಃ ಹೇನ್ಸ್ ಕೂಡ ಶಾಲೆಯ ದಿನಗಳಲ್ಲೇ ಒಂದು ಆಸ್ಟಿನ್ ಸೆವೆನ್ನನ್ನು ಹೀಗೆ ಮಾರ್ಪಡಿಸಿ, 1956ರಲ್ಲಿ ಆ ಬಗ್ಗೆ ಒಂದು ಕಿರುಹೊತ್ತಗೆಯನ್ನು ಹೊರತಂದಿದ್ದರು. ಸರ್ಕಾರದ ತೆರಿಗೆಯೂ ಇದಕ್ಕೆ ನೀರೆರೆಯಿತು. ಪೂರ್ತಿ ಜೋಡಿಸಿದ ಹೊಸ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. 1957ರ ಲೋಟಸ್ ಸೆವೆನ್ ಹಲವರ ಮನೆಗೆ ಪೆಟ್ಟಿಗೆಗಳಲ್ಲಿಯೇ ಬಂದಿಳಿಯಿತು. ಈ ಅನುಕೂಲ 1973ರವರೆಗೂ ಇತ್ತು.

1958ರಲ್ಲಿ ಬಂದ ಸ್ಪ್ರೈಟ್ ಇದೇ ಮನೋಧರ್ಮದ ಕೂಸು. ಅದರ 948 ಸಿಸಿ ಎಂಜಿನ್ ಆಸ್ಟಿನ್ನಿನ ಸಾಮಾನ್ಯ ಕುಟುಂಬದ ಕಾರಿನದು. ಮುಂದಿನ ಸಸ್ಪೆನ್ಷನ್ ಆಸ್ಟಿನ್ ಎ35ರದು. ಸ್ಟೀರಿಂಗ್ ಮಾರಿಸ್ ಮೈನರಿನದು. ಡಿಕ್ಕಿಗೆ ಮುಚ್ಚಳವಿಲ್ಲ, ಬಾಗಿಲಿಗೆ ಹೊರಗಿನ ಹಿಡಿಯಿಲ್ಲ. ಬೆಲೆಯನ್ನು ತಗ್ಗಿಸಲೆಂದು ಮಾಡಿದ ಈ ಉಳಿತಾಯವೇ ಮುಂದೆ ಮಾಲೀಕನಿಗೆ ವರವಾಯಿತು. ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುತ್ತಿತ್ತು. ರೆಕ್ಕೆಗಳ ಸಮೇತ ಇಡೀ ಬಾನೆಟ್ ಮೇಲೆದ್ದು ನಿಂತರೆ, ಕೈಯಾಡಿಸಲು ಬೇಕಾದಷ್ಟು ಜಾಗವಿರುತ್ತಿತ್ತು.

ಆದರೆ ಕಾರನ್ನು ಜೋಡಿಸುವುದು ಒಂದು ವಿದ್ಯೆ, ಹದಗೊಳಿಸುವುದು ಇನ್ನೊಂದು. ಸ್ಪ್ರೈಟಿನ ಎಂಜಿನ್ನಿಗೆ ಎರಡು ಎಸ್‌ಯು ಕಾರ್ಬ್ಯುರೇಟರುಗಳು. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಅದನ್ನು ರೂಪಿಸಿದ ಸ್ಕಿನ್ನರ್ ಪಾದರಕ್ಷೆಯ ವ್ಯಾಪಾರದ ಮನೆತನದವರು. ಆರಂಭದ ಮಾದರಿಗಳಲ್ಲಿ ಕಮ್ಮಾರನ ಕುಲುಮೆಯಲ್ಲಿರುವಂತೆ ಚರ್ಮದ ತಿದಿಯಿತ್ತು. ಮುಂದೆ ಅದರ ಸ್ಥಾನಕ್ಕೆ ಲೋಹದ ಪಿಸ್ಟನ್ ಬಂದಿತು. ಎಂಜಿನ್ನಿನ ಸೆಳೆತ ಹೆಚ್ಚಿದಂತೆ ಪಿಸ್ಟನ್ ಮೇಲೇಳುತ್ತದೆ, ಜೊತೆಗೆ ತುದಿ ಸಣ್ಣದಾದ ಸೂಜಿಯೊಂದು ಜೆಟ್ಟಿನಿಂದ ಮೇಲೆ ಸರಿದು ಪೆಟ್ರೋಲಿನ ದಾರಿಯನ್ನು ಅಗಲಿಸುತ್ತದೆ. ಇದರ ಹದವನ್ನು ಪರೀಕ್ಷಿಸಲು ಯಂತ್ರ ಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಎತ್ತಬೇಕು. ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ. ಎಂಜಿನ್ ನಿಲ್ಲಲು ಹವಣಿಸಿದರೆ ಕಡಿಮೆಯಾಗಿದೆ. ಕ್ಷಣಮಾತ್ರ ಏರಿ ಮೊದಲಿನ ಲಯಕ್ಕೆ ಇಳಿದರೆ ಹದ ಸರಿಯಿದೆ. ಕೆಳಗಿನ ನಟ್ಟನ್ನು ಒಂದೊಂದೇ ಮುಖದಷ್ಟು ತಿರುಗಿಸುತ್ತ ಅಲ್ಲಿಗೆ ತಲುಪಬೇಕು. ಎರಡೂ ಕಾರ್ಬ್ಯುರೇಟರುಗಳು ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಅವುಗಳ ಬಾಯಿಗೆ ಸರದಿಯಂತೆ ಹಿಡಿದು ಆಲಿಸಬೇಕು. ತಂಬೂರಿಯ ತಂತಿಗಳನ್ನು ಶ್ರುತಿ ಮಾಡಿ ಬಲ್ಲವರಿಗೆ ಈ ಕೆಲಸ ಅಪರಿಚಿತವೆನಿಸದು.

ಮನೆಯ ದುರಸ್ತಿಯೆಲ್ಲವೂ ಒಳ್ಳೆಯ ದುರಸ್ತಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸ್ಪ್ರೈಟಿಗೆ ಪ್ರತ್ಯೇಕ ಚಾಸಿಯಿಲ್ಲ. ಬಾಗಿಲ ಕೆಳಗಿನ ಉಕ್ಕಿನ ಹೊಸ್ತಿಲುಗಳೇ ಒಡಲಿನ ಭಾರ ಹೊರುತ್ತವೆ. ಬ್ರಿಟನ್ನಿನ ತೇವಕ್ಕೆ ಮೊದಲು ತುಕ್ಕು ಹಿಡಿಯುವುದೂ ಅವೇ. ಆಧಾರ ಕೊಡದೆ ಅವುಗಳನ್ನು ಕತ್ತರಿಸಿದರೆ ಒಡಲು ಬಾಗಿ, ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ತೂತಿಗೆ ಮೆತ್ತಿದ ಪುಟ್ಟಿ, ಬಣ್ಣ ಬಳಿದು ಮರೆಮಾಡಿದ ತುಕ್ಕು ಮುಂದಿನ ಮಾಲೀಕನ ತಲೆಗೆ ಬರುತ್ತಿದ್ದವು. ಬಲ್ಲವನು ಬರೆದಿಟ್ಟ ಮಾತಿಗೆ ಬೆಲೆ ಬಂದಿದ್ದು ಇಲ್ಲಿಯೇ.

ಈ ಕಾರುಗಳ ಬಳಗ ನಮ್ಮ ನಗರಗಳಿಗೂ ಹೊಸತಲ್ಲ. ಎಂಜಿಎ ಕ್ರೀಡಾ ಕಾರಿನ 1489 ಸಿಸಿ ಎಂಜಿನ್ನೂ ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಒಂದೇ ವಂಶದವು. ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡಿನ ಮೂಲವಾದ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನೇ ಮೊಟಕುಗೊಳಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಮಾಡಲಾಯಿತು. ಮುಂಬಯಿ, ಮದರಾಸುಗಳ ಬೀದಿಬದಿಯ ಮೇಸ್ತ್ರಿಗಳೂ ಇಂಥ ಎಂಜಿನ್ನುಗಳನ್ನು ಕಿವಿಯಿಂದಲೇ ಹದಗೊಳಿಸಿದವರು. ಅವರ ಅರಿವು ಹೆಚ್ಚಾಗಿ ಗುರುವಿನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ ಸಾಗಿತು. ಶಿಷ್ಯನಿಲ್ಲದೆಡೆ ಅಲ್ಲಿಯೇ ನಿಂತಿತು. ಬರವಣಿಗೆಯನ್ನು ನಂಬಿ ಬದುಕುವ ನಾವು ಈ ವ್ಯತ್ಯಾಸವನ್ನು ಗಮನಿಸಬೇಕು.

ಸ್ಪ್ರೈಟ್ ಮತ್ತು ಎಂಜಿ ಕಾರುಗಳು ತಯಾರಾಗುತ್ತಿದ್ದ ಆಬಿಂಗ್ಡನ್ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಮುಚ್ಚಿತು. ಅಲ್ಲಿಂದ 5 ಲಕ್ಷಕ್ಕೂ ಹೆಚ್ಚು ಎಂಜಿಬಿ ಕಾರುಗಳು ಹೊರಬಂದಿದ್ದವು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಗಳಲ್ಲಿ ಅವುಗಳ ದುರಸ್ತಿ ನಿಲ್ಲಲಿಲ್ಲ. ಬಿಡಿಭಾಗಗಳ ಬೇಡಿಕೆ ಎಷ್ಟಿತ್ತೆಂದರೆ, 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನು ಒಟ್ಟುಗೂಡಿಸಿ ಎಂಜಿಬಿಯ ಇಡೀ ಒಡಲನ್ನೇ ಹೊಸದಾಗಿ ತಯಾರಿಸತೊಡಗಿತು. ಸತ್ತಿತೆಂದುಕೊಂಡ ಕಾರಿಗೆ ಮತ್ತೆ ಮೈ ಬಂದಿತು. ಅದನ್ನು ಕೇಳಿ ಪಡೆದವರು ಮೈಕೈಗೆಲ್ಲ ಮಸಿ ಬಳಿದುಕೊಂಡ ಮಾಲೀಕರು.

ಜಾನ್ ಹೇನ್ಸ್ 2019ರಲ್ಲಿ ತೀರಿಕೊಂಡರು. ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಬಹುಪಾಲು ಪ್ಲಾಸ್ಟಿಕ್ ಮುಚ್ಚಳ. ಅದರಾಚೆಯದನ್ನು ಕಂಪ್ಯೂಟರಿಗೆ ಕೇಳಬೇಕು. ಹೊಗೆ ಕಡಿಮೆಯಾಗಿದೆ, ರಸ್ತೆಯ ನಡುವೆ ಕೆಟ್ಟು ನಿಲ್ಲುವುದೂ ಕಡಿಮೆಯಾಗಿದೆ, ಅದನ್ನು ಅಲ್ಲಗಳೆಯಲಾಗದು. ಕೊಂಡ ವಸ್ತುವನ್ನು ಬಿಚ್ಚಿ ತಿಳಿಯುವ ಅಧಿಕಾರ ಮಾತ್ರ ಮಾಲೀಕನ ಕೈ ತಪ್ಪುತ್ತಿದೆ. ಸ್ಪ್ರೈಟಿನ ಇತಿಹಾಸ ಹೇಳುವುದಿಷ್ಟು: ತಯಾರಕ ಕೈಬಿಟ್ಟ ವಸ್ತುವನ್ನೂ ತಿಳಿವಳಿಕೆ ಉಳಿಸಬಲ್ಲದು, ಆ ತಿಳಿವಳಿಕೆಯನ್ನು ಯಾರಾದರೂ ಬರೆದಿಟ್ಟಿದ್ದರೆ.