ದಡ್ ಅಂದಿದ್ದು ಭೂಕಂಪವೋ, ಬಂಡೆಯೋ?

ಗುಬ್ಬಿ ಕಡೆಯಿಂದ ಫೋನ್ ಬರುತ್ತೆ. "ಸಾರ್, ಈಗ ದಡ್ ಅಂತು, ಅಟ್ಟದ ಮೇಲಿನ ಪಾತ್ರೆ ಅಲ್ಲಾಡಿದ್ವು. ನಿಮಗೇನಾದ್ರೂ ಗೊತ್ತಾಯ್ತಾ?" ಐದು ನಿಮಿಷಕ್ಕೆ ಕುಣಿಗಲ್ ಕಡೆಯಿಂದ ಇನ್ನೊಂದು ಫೋನ್. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿಗೆ ಯಾವುದೋ ದೇಶದ ಬಿರುಕು ಬಿಟ್ಟ ರಸ್ತೆಯ ಫೋಟೊ ಬಂದು ಬಿದ್ದಿರುತ್ತೆ. ಒಮ್ಮೆ ನಾವೂ ಅವಸರಪಟ್ಟು 'ಲಘು ಭೂಕಂಪನ, ಜನರಲ್ಲಿ ಆತಂಕ' ಎಂದು ಸುದ್ದಿ ಕಳಿಸಿದ್ದೆವು. ಮಾರನೇ ದಿನ ನೋಡಿದರೆ ಅದು ಕಲ್ಲು ಕ್ವಾರಿಯ ಸಿಡಿಮದ್ದು. ಓದಿದವರು ಬೈದರು, ಬೈಸಿಕೊಂಡೆವು. ಅವತ್ತಿನಿಂದ ನಮ್ಮ ಸೀಮೆಯಲ್ಲಿ ನಿಜವಾಗಿ ನೆಲ ನಡುಗಿದ್ದು ಯಾವಾಗ ಎಂದು ಹುಡುಕುವ ಚಟ ಹತ್ತಿದೆ.

ನಮ್ಮ ವಯಸ್ಸಿನವರಿಗೆ ನೆನಪಿರುವುದು 2001ರ ಜನವರಿ 29, ಸೋಮವಾರ. ಅದಕ್ಕೆ ಮೂರು ದಿನ ಮೊದಲು, ಗಣರಾಜ್ಯೋತ್ಸವದ ಬೆಳಿಗ್ಗೆ, ಗುಜರಾತಿನ ಕಛ್‌ನಲ್ಲಿ 7.7 ತೀವ್ರತೆಯ ಭೂಕಂಪ ಆಗಿತ್ತು. ಅಂಜಾರ್ ಪೇಟೆಯಲ್ಲಿ ಬಾವುಟ ಹಿಡಿದು ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೇ ಕಟ್ಟಡಗಳು ಬಿದ್ದಿದ್ದವು. ನಾವೂ ಅವತ್ತು ಶಾಲೆಯಲ್ಲಿ ಬಾವುಟ ಹಾರಿಸಿ, ಸಿಹಿ ತಿಂದು ಮನೆಗೆ ಬಂದವರೇ. ಟಿವಿ ಇದ್ದ ಮನೆಗಳಲ್ಲಿ ಊರಿಗೆ ಊರೇ ಕೂತು ಆ ಅವಶೇಷಗಳನ್ನು ನೋಡುತ್ತಿತ್ತು. ಇಂಥ ಹೊತ್ತಿನಲ್ಲಿ ಮಂಡ್ಯ–ಬೆಂಗಳೂರು ಭಾಗದಲ್ಲಿ ನೆಲ ಅದುರಿತು. ತೀವ್ರತೆ 4.3. ಕುಣಿಗಲ್ ಕಡೆಯ ನಮ್ಮ ಗೆಳೆಯರಿಗೆ ನೆನಪಿರುವುದು ಗೂಡಿನ ಲೋಟಗಳ ಗಲಗಲ ಸದ್ದು, ಆಮೇಲೆ ಎಮ್ಮೆ ಕರುಗಳನ್ನೂ ಬಿಚ್ಚಿಕೊಂಡು ಬಯಲಿಗೆ ಓಡಿದ ಅಜ್ಜಂದಿರು. ಬೇರೆ ಯಾವ ವಾರದಲ್ಲಿ ಆಗಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

4.3 ಮತ್ತು 7.7ರ ನಡುವೆ 3.4 ಅಂಕ ಮಾತ್ರ ಎಂದುಕೊಳ್ಳಬೇಡಿ. ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಆ ಲೆಕ್ಕದಲ್ಲಿ ಕಛ್‌ನದ್ದು ನಮ್ಮದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು.

ಹಿಂದಿನವರು ಇದಕ್ಕಿಂತ ದೊಡ್ಡದನ್ನು ಕಂಡಿದ್ದಾರೆ. 1843ರಲ್ಲಿ ಬಳ್ಳಾರಿ ಸೀಮೆ ನಡುಗಿತ್ತು. 1900ರ ಫೆಬ್ರವರಿ 8ರಂದು ಕೊಯಮತ್ತೂರು ಕಡೆ ಸುಮಾರು 6ರ ತೀವ್ರತೆಯ ಕಂಪನ ಆಗಿ ದಕ್ಷಿಣ ಭಾರತದ ಬಹುಭಾಗಕ್ಕೆ ತಿಳಿಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದದ್ದು ಬೆಂಗಳೂರಿನವರೆಗೂ ಗೊತ್ತಾಯಿತು. ಅಷ್ಟು ದೂರ ಹೇಗೆ ಎಂದರೆ ನಮ್ಮ ಕಾಲ ಕೆಳಗಿನ ಕಲ್ಲಿನಿಂದ. ಮಧುಗಿರಿ, ಪಾವಗಡದ ಬೆಟ್ಟಗಳು 250 ಕೋಟಿ ವರ್ಷ ಹಳೆಯ ಗ್ರಾನೈಟು. ಅದೇ ಪಟ್ಟಿ ರಾಮನಗರದ ಕಡೆಗೂ ಹೋಗುತ್ತೆ. ಹಳೆಯ, ಗಟ್ಟಿ, ತಣ್ಣಗಾದ ಕಲ್ಲು. ಇಂಥ ನೆಲ ಅಪರೂಪಕ್ಕೆ ನಡುಗುತ್ತೆ, ನಡುಗಿದರೆ ಅಲೆಯನ್ನು ಬಲು ದೂರ ಸಾಗಿಸುತ್ತೆ. ಕಂಚಿನ ಗಂಟೆಗೂ ಮಣ್ಣಿನ ಮಡಕೆಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಕಂಪನ ಹೆಚ್ಚು ಆಳದಲ್ಲಿ ಇಲ್ಲದಿದ್ದರೆ ಅಲೆ ಗಾಳಿಗೂ ಸೇರಿ ಕಿವಿಗೆ 'ದಡ್' ಎಂದು ಕೇಳುತ್ತೆ. ಗೊಂದಲ ಶುರುವಾಗುವುದೇ ಇಲ್ಲಿ, ಬಂಡೆ ಸಿಡಿಸಿದರೂ ಅದೇ ಸದ್ದು. 2020ರ ಮೇ 20ರಂದು ಬೆಂಗಳೂರನ್ನೇ ಬೆಚ್ಚಿಬೀಳಿಸಿದ ಸದ್ದು ಕೊನೆಗೆ ವಾಯುಪಡೆಯ ಪರೀಕ್ಷಾ ವಿಮಾನದ್ದು ಎಂದಾಯಿತು. ಕೋಲಾರದ ಚಿನ್ನದ ಗಣಿಯವರನ್ನು ಕೇಳಿದರೆ ನಗುತ್ತಾರೆ. 2001ರಲ್ಲಿ ಗಣಿ ಮುಚ್ಚುವವರೆಗೂ ಆಳದ ಬಂಡೆ ಒತ್ತಡ ತಾಳದೆ ಸಿಡಿದು ಮೇಲಿನ ಮನೆ ನಡುಗುವುದು ಅವರಿಗೆ ಮಾಮೂಲಿ.

ಆದರೆ 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರ ಕಡೆ ಕೆಲವೇ ನಿಮಿಷದ ಅಂತರದಲ್ಲಿ ಎರಡು ಸಲ ಅದುರಿದ್ದು ನಿಜವಾದ ಭೂಕಂಪನವೇ. 2022ರ ಜೂನ್ 23ರಂದು ಹಾಸನ ಜಿಲ್ಲೆಯಲ್ಲಿ ಆದದ್ದೂ ಅಷ್ಟೆ, 3.4. ಎರಡೂ ನಮಗೆ ನೆರೆಯ ಜಿಲ್ಲೆ, ಪರದೇಶವಲ್ಲ.

ತಮಾಷೆ ಏನೆಂದರೆ, ಇದನ್ನೆಲ್ಲ ಆಲಿಸುವ ಒಂದು ದೊಡ್ಡ ಕಿವಿ ನಮ್ಮ ಮಗ್ಗುಲಲ್ಲೇ ಇದೆ. ಮಧುಗಿರಿ, ಕೊರಟಗೆರೆಯಿಂದ ಆಚೆಗೆ ಗೌರಿಬಿದನೂರಿನಲ್ಲಿ ಬಾಬಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ ಕಂಪನ ಮಾಪಕಗಳ ಸಾಲನ್ನೇ ಹೂಳಿಟ್ಟರು. ದೂರದ ದೇಶಗಳು ಗುಟ್ಟಾಗಿ ಅಣುಬಾಂಬ್ ಸಿಡಿಸಿದರೆ ತಿಳಿಯಲಿ ಎಂದು. ನೆಲ ಗಟ್ಟಿ, ಗದ್ದಲ ಕಡಿಮೆ ಎಂದೇ ಈ ಸೀಮೆಯನ್ನು ಆರಿಸಿದ್ದು.

'ನಾವು ವಲಯ ಎರಡು, ಅಪಾಯ ಕಡಿಮೆ' ಎನ್ನುವ ಮಾತು ಕೇಳಿದಾಗಲೆಲ್ಲ ನಮಗೆ ಕಿಲ್ಲಾರಿ ನೆನಪಾಗುತ್ತೆ. 1993ರ ಆ ರಾತ್ರಿವರೆಗೆ ಅದು ವಲಯ ಒಂದರಲ್ಲಿತ್ತು, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯ ಎಂದು ನಕ್ಷೆಯಲ್ಲಿ ಬರೆದಿದ್ದ ಜಾಗ. ಗಣೇಶನನ್ನು ಬಿಟ್ಟು ಬಂದು ಮಲಗಿದ್ದ ಜನ, ಸುಮಾರು ಹತ್ತು ಸಾವಿರ ಮಂದಿ ಏಳಲಿಲ್ಲ. ಅವರನ್ನು ಕೊಂದದ್ದು ಮನೆ. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಾಡುಗಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ವರ್ಷ ವರ್ಷ ಹಾಕಿದ ಮಣ್ಣು. ಗೋಡೆ ಬಿಚ್ಚಿಕೊಂಡಾಗ ಅಷ್ಟೂ ಭಾರ ಮಲಗಿದ್ದವರ ಮೇಲೆ. 2002ರಲ್ಲಿ ವಲಯ ಒಂದು ಎನ್ನುವುದನ್ನೇ ನಕ್ಷೆಯಿಂದ ತೆಗೆದುಹಾಕಿದರು.

ಸಿರಾ, ಪಾವಗಡ, ಮಧುಗಿರಿ ಕಡೆಯವರಿಗೆ ಆ ಮನೆಯನ್ನು ವರ್ಣಿಸಬೇಕಾಗಿಲ್ಲ. ಅದು ನಮ್ಮ ಮಾಳಿಗೆ ಮನೆಯೇ. ಬೇಸಿಗೆಯಲ್ಲಿ ತಂಪು, ನಿಜ. ಸೋರಿದಾಗೆಲ್ಲ ಮೇಲೆ ಇನ್ನೊಂದು ಪದರ ಚೌಳು ಮಣ್ಣು ಬೀಳುತ್ತೆ, ಕೆಳಗಿನದನ್ನು ಯಾರೂ ತೆಗೆಯುವುದಿಲ್ಲ. ಹಳೆಯದನ್ನು ಕೆರೆದು ಹಾಕಿ ಹೊಸದು ಹಾಕಿದರೆ ಅರ್ಧ ಭಾರ ಇಳಿಯುತ್ತೆ, ಗೋಡೆಯ ಮೂಲೆಗಳಲ್ಲಿ ಉದ್ದ ಕಲ್ಲು ಅಡ್ಡ ಕೂರಿಸಿದರೆ ಗೋಡೆ ಬೇಗ ಬಿಚ್ಚಿಕೊಳ್ಳುವುದಿಲ್ಲ. ಎರಡಕ್ಕೂ ದೊಡ್ಡ ಖರ್ಚಿಲ್ಲ. ಊರಿನ ಒಬ್ಬ ಅಜ್ಜಿಗೆ ಇದನ್ನು ಹೇಳಿದೆವು. "ನಮ್ಮತ್ತೆ ಕಾಲದ ಮಣ್ಣು ಕಣಪ್ಪ ಅದು" ಅಂದರು. ಮುಂದಿನ ಸಲ ಹೋದಾಗ ನೋಡಿದರೆ ಅಂಗಳದಲ್ಲಿ ಒಂದು ಗಾಡಿ ಹಳೇ ಮಣ್ಣು ಬಿದ್ದಿತ್ತು.