ಎಂಜಿನ್ನಿನ ಬಡಿತ: ಒಂದು ಸದ್ದಿನ ಚರಿತ್ರೆ

ಬೀದರಿನ ಬಿದರಿ ಕುಶಲಕರ್ಮಿ ಕೋಟೆಯ ಹಳೆಯ ಗೋಡೆಗಳ ಮರೆಯಿಂದ ತಂದ ಮಣ್ಣನ್ನು ತುಸು ನಾಲಗೆಗೆ ತಾಗಿಸಿ ನೋಡುತ್ತಾನೆ. ಸತುವಿನ ಪಾತ್ರೆಯನ್ನು ಕಪ್ಪಾಗಿಸುವ ಗುಣ ಆ ಮಣ್ಣಿನಲ್ಲಿದೆಯೋ ಇಲ್ಲವೋ ಎಂಬುದು ಅವನಿಗೆ ರುಚಿಯಿಂದ ತಿಳಿಯುತ್ತದೆ. ಅದೇ ಊರಿನ ಮೋಟಾರು ಗ್ಯಾರೇಜಿನ ಉಸ್ತಾದನಿಗೆ ನಾಲಗೆಯ ಬದಲು ಕಿವಿಯೇ ಪ್ರಮಾಣ. ಕಮಠಾಣದಿಂದಲೋ ಭಾಲ್ಕಿ, ಔರಾದಗಳಿಂದಲೋ ಬಂದ ಹಳೆಯ ಕಾರು ಅಂಗಳಕ್ಕೆ ತಿರುಗುವಾಗಲೇ, ಬಾನೆಟ್ಟು ತೆರೆಯುವ ಮೊದಲೇ, ‘ಎಂಜಿನ್ನು ನಾಕಿಂಗ್ ಹೊಡೆಯುತ್ತಿದೆ’ ಎಂದು ಹೇಳಿಬಿಡುತ್ತಾನೆ. ಡಬ್ಬಿಯೊಳಗೆ ಗೋಲಿಗಳನ್ನು ಹಾಕಿ ಅಲುಗಿಸಿದಂತಹ ಈ ಸದ್ದಿಗೆ ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ರೋಗಿಯ ನರಳಿಕೆಯನ್ನು ಅಡಗಿಸುವುದು ಬೇರೆ, ರೋಗದ ಮೂಲವನ್ನು ಅರಸುವುದು ಬೇರೆ ಎಂಬ ಪಾಠವನ್ನು ಆ ಚರಿತ್ರೆ ಬಲು ದುಬಾರಿಯ ಬೆಲೆ ತೆತ್ತು ಕಲಿಸಿದೆ.

ಮೊದಲು ಈ ಸದ್ದು ಹುಟ್ಟುವ ಬಗೆಯನ್ನು ನೋಡೋಣ. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣ ಸಿಲಿಂಡರಿನಲ್ಲಿ ಒತ್ತಲ್ಪಡುತ್ತದೆ. ಪ್ಲಗ್ಗು ಕಿಡಿ ಹಾರಿಸುತ್ತದೆ. ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹಬ್ಬುತ್ತದೆ. ಇದು ಸಹಜವಾದ ದಹನ. ಆದರೆ ಒತ್ತಡವೂ ಶಾಖವೂ ಮಿತಿ ಮೀರಿದಾಗ, ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ತಾನಾಗಿ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆ ಆಘಾತಕ್ಕೆ ಸಿಲಿಂಡರಿನೊಳಗಿನ ಅನಿಲ ಸೆಕೆಂಡಿಗೆ ಆರೇಳು ಸಾವಿರ ಸಲ ಕಂಪಿಸುತ್ತದೆ. ನಮ್ಮ ಕಿವಿಗೆ ಬೀಳುವುದು ಈ ಕಂಪನ. ಇದು ಮುಂದುವರಿದರೆ ಪಿಸ್ಟನ್ನಿನ ತಲೆ ಕರಗುತ್ತದೆ, ರಿಂಗುಗಳು ಮುರಿಯುತ್ತವೆ.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಾಲ್ಕು ಹೊಡೆತಗಳ ಎಂಜಿನ್ನನ್ನು ಸಿದ್ಧಪಡಿಸಿದ ಮೇಲೆ, ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುವುದೆಂದು ಶಿಲ್ಪಿಗಳಿಗೆ ತಿಳಿಯಿತು. ಆ ದಾರಿಯಲ್ಲಿ ಅಡ್ಡ ನಿಂತದ್ದು ಈ ಬಡಿತ. ಅಮೆರಿಕದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿಯ ಕಿಡಿಯೇ ಇದಕ್ಕೆ ಕಾರಣವೆಂಬ ಅಪವಾದ ಹುಟ್ಟಿತು. ಅಪವಾದವನ್ನು ತೊಳೆಯಲು ಅವನ ಸಹಾಯಕ ಥಾಮಸ್ ಮಿಡ್ಜ್‌ಲಿ 1916ರಲ್ಲಿ ಪ್ರಯೋಗಕ್ಕಿಳಿದ. ದೋಷ ಕಿಡಿಯದಲ್ಲ, ಇಂಧನದ್ದು ಎಂದು ತೋರಿಸಿದ. ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ ಕೂಡ ಇದೇ ನಿರ್ಣಯಕ್ಕೆ ಬಂದಿದ್ದ. ಇಲ್ಲಿಯವರೆಗಿನದು ಒಳ್ಳೆಯ ವೈದ್ಯನ ನಡೆ.

ಮುಂದಿನ ಹೆಜ್ಜೆ ಹಾಗಿರಲಿಲ್ಲ. ಮಿಡ್ಜ್‌ಲಿ ಅಯೋಡಿನ್, ಅನಿಲೀನ್, ಟೆಲ್ಲೂರಿಯಂ ಎಂದು ಒಂದೊಂದನ್ನೇ ಪೆಟ್ರೋಲಿಗೆ ಬೆರೆಸಿ ನೋಡುತ್ತ ಹೋದ. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಬಡಿತ ನಿಂತುಹೋಯಿತು. ಕಬ್ಬಿನಿಂದಲೋ ಧಾನ್ಯದಿಂದಲೋ ತೆಗೆದ ಮದ್ಯಸಾರವೂ ಬಡಿತವನ್ನು ತಡೆಯಬಲ್ಲದೆಂದು ಅದೇ ಪ್ರಯೋಗಶಾಲೆಯವರು ಬಲ್ಲವರಾಗಿದ್ದರು. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ಭಟ್ಟಿ ಇಳಿಸಬಹುದು. ಸೀಸದ ಮದ್ದಿಗಾದರೋ ಪೇಟೆಂಟಿನ ಕಾವಲಿತ್ತು, ಬೆರೆಸಬೇಕಾದ ಪ್ರಮಾಣವೂ ಹನಿಗಳ ಲೆಕ್ಕದ್ದು. 1923ರ ಫೆಬ್ರವರಿಯಲ್ಲಿ ಸೀಸದ ಪೆಟ್ರೋಲು ಡೇಟನ್ನಿನಲ್ಲಿ ಮಾರಾಟಕ್ಕೆ ಬಂತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಆ ದ್ರವ್ಯವನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಮತಿಭ್ರಮೆಗೊಂಡು ಸತ್ತರು. ಮರುವರ್ಷ ವಾಷಿಂಗ್ಟನ್ನಿನಲ್ಲಿ ನಡೆದ ಸಮಾಲೋಚನೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಚ್ಚರಿಕೆಯ ಮಾತಾಡಿದರು. ಅದು ನಿಲ್ಲಲಿಲ್ಲ. ಎಂಜಿನ್ನು ಮೌನವಾಯಿತು, ಸೀಸ ಹೊಗೆಯೊಡನೆ ಬೀದಿಗಿಳಿದು ಮಕ್ಕಳ ರಕ್ತವನ್ನು ಸೇರಿತು.

ಈ ನಡುವೆ ಎಂಜಿನ್ನಿಗೆ ಇನ್ನೂ ಹೆಚ್ಚು ಗಾಳಿಯನ್ನು ತುರುಕುವ ಉಪಾಯವೊಂದು ಬೆಳೆಯುತ್ತಿತ್ತು. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಒಳಗಿನ ಗಾಳಿಯನ್ನು ಒತ್ತುವ ಯೋಜನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಪೇಟೆಂಟು ಪಡೆದಿದ್ದ. ಇಂದು ನಾವು ಟರ್ಬೋ ಎನ್ನುವುದು ಇದನ್ನೇ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಇದರ ಅಗತ್ಯ ಮೊದಲು ತೀವ್ರವಾಗಿ ಕಂಡದ್ದು ವಿಮಾನಗಳಿಗೆ.

ಕನ್ನಡನಾಡಿಗೂ ಈ ಕಥೆಗೂ ಇಲ್ಲಿಯೇ ಗಂಟು ಬೀಳುತ್ತದೆ. ಎರಡನೆಯ ಮಹಾಯುದ್ಧ ಮುಗಿದಾಗ ಲಿಬರೇಟರ್ ಎಂಬ ಅಮೆರಿಕನ್ ಬಾಂಬರುಗಳು, ಮತ್ತೆ ಹಾರದಂತೆ ಹಾಳುಗೆಡವಲ್ಪಟ್ಟು, ಕಾನ್ಪುರದ ಬಯಲಿನಲ್ಲಿ ಬಿದ್ದಿದ್ದವು. ಒಂದೊಂದಕ್ಕೆ ನಾಲ್ಕು ಎಂಜಿನ್ನು, ಒಂದೊಂದು ಎಂಜಿನ್ನಿಗೂ ಹೊಗೆಯಿಂದ ತಿರುಗುವ ಒಂದು ಟರ್ಬೋ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಈ ಗುಜರಿಯನ್ನು ಮತ್ತೆ ಹಾರಿಸುವ ಹೊಣೆ ಹೊತ್ತಿತು. ಕಾರ್ಖಾನೆಯ ವಿಮಾನಚಾಲಕ ಜಮ್‌ಶೇದ್ ಮುನ್ಷಿ 42 ವಿಮಾನಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ನು ಈ ವಿಮಾನಗಳಿಂದಲೇ ರೂಪುಗೊಂಡಿತು. 1968ರ ಕೊನೆಯವರೆಗೆ ಅವು ಸೇವೆಯಲ್ಲಿದ್ದವು. ಕಾರು ಕಟ್ಟುವವರು ಟರ್ಬೋವನ್ನು ಕೈಗೆತ್ತಿಕೊಳ್ಳುವುದಕ್ಕೆ ಎಷ್ಟೋ ಮೊದಲು ಬೆಂಗಳೂರಿನ ಕೆಲಸಗಾರರ ಕೈಗಳು ಅದರ ಮರ್ಮವನ್ನು ಬಲ್ಲವಾಗಿದ್ದವು.

ಕಾರುಗಳಿಗೆ ಟರ್ಬೋ ಬಂದದ್ದು 1962ರಲ್ಲಿ. ಆಗಲೇ ಹಳೆಯ ಶತ್ರುವೂ ಹಿಂತಿರುಗಿ ಬಂದ. ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಬಡಿತವನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಡಬ್ಬಿಯಲ್ಲಿ ಹೊತ್ತು ತಿರುಗಬೇಕಾಯಿತು. 1980ರ ದಶಕದ ಮೊದಲಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯವರು ಎಂಜಿನ್ನಿನ ಮೈಗೆ ಕಂಪನ ಕೇಳುವ ಯಾಂತ್ರಿಕ ಕಿವಿಯೊಂದನ್ನು ತೊಡಿಸಿದರು. ಬಡಿತ ಕೇಳಿದೊಡನೆ ಅದು ಟರ್ಬೋವಿನ ಒತ್ತಡವನ್ನು ತಗ್ಗಿಸುತ್ತಿತ್ತು. ಭಾರತದಲ್ಲಿ 2004ರಲ್ಲಿ ಮಾರಾಟಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನಂತಹವು ಈಗ ಇಪ್ಪತ್ತು ವರ್ಷ ದಾಟಿದ ಮುದುಕರು. ಅವುಗಳ ಲೋಹ ಗಟ್ಟಿಯಾಗಿಯೇ ಇರಬಹುದು. ರಬ್ಬರು ಮಾತ್ರ ಶಾಖಕ್ಕೆ ಒಣಗಿ ಬಿರಿಯುತ್ತದೆ.

ಹಳೆಯ ಟರ್ಬೋ ಕಾರಿನ ಬೇನೆಗಳಲ್ಲಿ ಬಹುಪಾಲು ಈ ಬಿರುಕುಗಳಿಂದ ಹುಟ್ಟುತ್ತವೆ. ಎಂಜಿನ್ನು ನಿಂತಲ್ಲೇ ತಿರುಗುವಾಗ ಗಾಳಿ ಒಳಬರುವ ಮ್ಯಾನಿಫೋಲ್ಡಿನಲ್ಲಿ ಹೊರಗಿಗಿಂತ ಕಡಿಮೆ ಒತ್ತಡವಿರುತ್ತದೆ. ಬಿರುಕಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ನುಸುಳುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ನು ಏರಿಳಿಯುತ್ತ ಮಿಡುಕುತ್ತದೆ. ಅದೇ ಕಾರು ಏರು ಹತ್ತುವಾಗ ಟರ್ಬೋ ಒತ್ತಡ ತುಂಬುತ್ತದೆ. ಒಳಸೇದುತ್ತಿದ್ದ ಬಿರುಕೇ ಈಗ ಹೊರಗೆ ಉಗುಳುತ್ತದೆ, ಬಲ ಕುಂದುತ್ತದೆ. ಒಂದೇ ರಂಧ್ರ, ಎರಡು ಬೇನೆ. ಇನ್ನೂ ಅಪಾಯದ್ದು, ಟರ್ಬೋವಿನ ಮಿತಿಗಾವಲಾದ ವೇಸ್ಟ್‌ಗೇಟಿಗೆ ಹೋಗುವ ಬೆರಳು ಗಾತ್ರದ ರಬ್ಬರು ನಳಿಗೆ ಸೀಳಿದಾಗ. ಒತ್ತಡದ ಸುದ್ದಿ ಕಾವಲುಗಾರನಿಗೆ ಮುಟ್ಟುವುದಿಲ್ಲ, ಬಾಗಿಲು ತೆರೆಯುವುದಿಲ್ಲ, ಒತ್ತಡ ಮಿತಿ ಮೀರುತ್ತದೆ, ಬಡಿತ ಶುರುವಾಗುತ್ತದೆ.

ಆದ್ದರಿಂದ ಬಲ್ಲ ಉಸ್ತಾದ ಬಡಿತ ಕೇಳಿದೊಡನೆ ಮದ್ದು ಹೇಳುವುದಿಲ್ಲ. ಮೊದಲು ಅದು ನಾಕಿಂಗ್ ಹೌದೇ ಎಂದು ನೋಡುತ್ತಾನೆ. ಭಾರ ಬಿದ್ದಾಗ ಮಾತ್ರ ಕಿಣಿಕಿಣಿಗುಟ್ಟಿದರೆ ಅದು ದಹನದ ದೋಷ; ಆಳದಿಂದ ದಬದಬ ಬಡಿದರೆ ಬೇರಿಂಗು ಸವೆದಿರಬೇಕು; ನಿಂತಲ್ಲೇ ಟಿಕಟಿಕ ಎಂದರೆ ವಾಲ್ವಿನ ಕಡೆಯ ಸಡಿಲಿಕೆ. ಆಮೇಲೆ ಪೆಟ್ರೋಲಿನ ಗುಣ, ಕಿಡಿಯ ಸಮಯ, ಎಂಜಿನ್ನಿನ ಶಾಖ. ಅನಂತರ ಉದ್ದನೆಯ ರಬ್ಬರು ನಳಿಗೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಜೋಡಣೆಗಳ ಬಳಿ ಸರಿಸುತ್ತ ‘ಸುಯ್’ ಎನ್ನುವ ತಾಣವನ್ನು ಅರಸುತ್ತಾನೆ. ಅನುಕೂಲವಿದ್ದಲ್ಲಿ ಒಳಗೆ ಹೊಗೆ ತುಂಬಿ, ಅದು ಎಲ್ಲಿಂದ ಹೊರಬರುವುದೆಂದು ಕಾಣುತ್ತಾರೆ. ನಿರ್ವಾತವನ್ನು ಅಳೆಯುವ ಗೇಜು ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ 17ರಿಂದ 21 ಅಂಗುಲ ಪಾದರಸವನ್ನು ತೋರಿಸಬೇಕು. ಆದರೆ ಸಾವಿರ ಅಡಿ ಏರಿದಂತೆ ಒಂದಂಗುಲ ಇಳಿಯುತ್ತದೆ. ಎರಡು ಸಾವಿರ ಅಡಿಗೂ ಎತ್ತರದ ಬೀದರಿನ ಪ್ರಸ್ಥಭೂಮಿಯಲ್ಲಿ ಎರಡಂಗುಲ ಕಡಿಮೆಯಾದರೆ ಅದು ರೋಗವಲ್ಲ, ನೆಲದ ಗುಣ. ಪುಸ್ತಕದ ಅಂಕಿಯನ್ನೇ ನಂಬಿದವನು ಇಲ್ಲಿ ಆರೋಗ್ಯವಂತ ಎಂಜಿನ್ನನ್ನೂ ಬಿಚ್ಚಿ ಹರವಿಯಾನು.

ಯಾಂತ್ರಿಕ ಕಿವಿಯ ವಿಷಯದಲ್ಲಿ ಒಂದು ಮಾತನ್ನು ಸೇರಿಸಬೇಕು. ಅದು ಎಂಜಿನ್ನನ್ನು ಉಳಿಸುತ್ತದೆ, ನಿಜ. ಆದರೆ ಚಾಲಕನ ಕಿವಿಗೆ ಬೀಳುವ ಮೊದಲೇ ಬಡಿತವನ್ನು ಅಡಗಿಸಿಬಿಡುತ್ತದೆ. ಕಾರು ಮೈಗಳ್ಳನಂತೆ ನಡೆಯುತ್ತದೆ, ಬಿರುಕು ಹಾಗೆಯೇ ಉಳಿಯುತ್ತದೆ. ಇದು ಸೀಸದ ಕಥೆಯದೇ ಪುಟ್ಟ ರೂಪ.

ದೊಡ್ಡ ಕಥೆ ಮುಗಿಯಲು ಬಹುಕಾಲ ಹಿಡಿಯಿತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಜಾರ್ಜ್ ಫೌಂಡೇಶನ್ನಿನವರು ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೊಂದನ್ನು ನಡೆಸಿ, ನಮ್ಮ ನಗರಗಳ ಮಕ್ಕಳ ರಕ್ತದಲ್ಲಿ ಸೇರಿದ್ದ ಸೀಸದ ಕಡೆಗೆ ದೇಶದ ಗಮನ ಸೆಳೆದರು. 2000ದ ಫೆಬ್ರವರಿ 1ರಿಂದ ಭಾರತದಾದ್ಯಂತ ಸೀಸರಹಿತ ಪೆಟ್ರೋಲು ಕಡ್ಡಾಯವಾಯಿತು. 2021ರಲ್ಲಿ ಅಲ್ಜೀರಿಯವೂ ಕೈಬಿಟ್ಟ ಮೇಲೆ ಜಗತ್ತಿನ ಬಂಕುಗಳಿಂದ ಅದು ಮರೆಯಾಯಿತು. ಡೇಟನ್ನಿನಲ್ಲಿ ಮೂಲೆಗೆ ಸರಿಸಿದ್ದ ಮದ್ಯಸಾರ ಈಗ ಮುನ್ನೆಲೆಗೆ ಬಂದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇಕಡ 20ರ ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. ಭಾಲ್ಕಿಯ ಸೀಮೆಯಲ್ಲಿ ಬೆಳೆಯುವಂತಹ ಕಬ್ಬಿನ ಸಾರವೇ ಬಡಿತಕ್ಕೆ ಮದ್ದು.

ಆದರೂ ಮದ್ದನ್ನು ಕೊಂಡಾಡುವಾಗ ಒಂದು ಎಚ್ಚರ ಇರಬೇಕು. ಎಥನಾಲಿನಲ್ಲಿ ಆಮ್ಲಜನಕ ಅಡಗಿರುವುದರಿಂದ ಹಳೆಯ ಕಾರ್ಬುರೇಟರಿನ ಮಿಶ್ರಣವನ್ನು ಅದು ಇನ್ನಷ್ಟು ತೆಳುವಾಗಿಸುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ಇಂಧನ ನಳಿಗೆಗಳನ್ನು ಬಾಧಿಸಲೂಬಹುದು. ಸೀಳಿದ ನಳಿಗೆಯನ್ನು ಯಾವ ಪೆಟ್ರೋಲೂ ಹೊಲಿಯಲಾರದು. ಬಡಿತವೆನ್ನುವುದು ಯಂತ್ರ ಹೇಳುವ ಸಾಕ್ಷಿ. ಸಾಕ್ಷಿಯ ಬಾಯಿ ಮುಚ್ಚಿಸಿ ತೀರ್ಪು ಬರೆದ ಒಂದು ಶತಮಾನವನ್ನು ಲೋಕ ಕಂಡಾಗಿದೆ. ಆ ಸಾಕ್ಷಿಯನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ಇಂದಿಗೂ ಎಲ್ಲೆಡೆ ದೊರೆಯುವ ಸರಕಲ್ಲ.