ಐದೇ ದಿನದಲ್ಲಿ ಯೋಧ? ಟಿವಿ ಸಾಕ್ಷ್ಯಚಿತ್ರಗಳು ತೋರಿಸುವ ಸಮರಕಲೆ ತರಬೇತಿಯಲ್ಲಿ ನಿಜವೆಷ್ಟು

ಹುಮನಾಬಾದಿನ ಹತ್ತನೇ ತರಗತಿಯ ಹುಡುಗನೊಬ್ಬ ಕಳೆದ ಬೇಸಿಗೆಯಲ್ಲಿ ಗೆಳೆಯರ ಜೊತೆ ಪಣ ಕಟ್ಟಿ ಒಂದೇ ಬೆಳಿಗ್ಗೆ ಐನೂರು ಬೈಠಕ್ ಹೊಡೆದ. ಹಿಂದಿನ ರಾತ್ರಿ ಅವನು ಮೊಬೈಲಿನಲ್ಲಿ ಸಮರಕಲೆಯ ಸಾಕ್ಷ್ಯಚಿತ್ರವೊಂದರ ತುಣುಕು ನೋಡಿದ್ದ. ಅದರಲ್ಲಿ ಹೊಸದಾಗಿ ಬಂದ ಶಿಷ್ಯನಿಗೆ ಗುರು ಮೊದಲ ದಿನವೇ ಅಷ್ಟು ಮಾಡಿಸುತ್ತಾನೆ. ಮರುದಿನ ಹುಡುಗನಿಗೆ ಮೆಟ್ಟಿಲು ಇಳಿಯಲಾಗಲಿಲ್ಲ. ಅದರ ಮರುದಿನ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿತು. "ಮೈ ಗಟ್ಟಿ ಆಗ್ಲತದ ಅಂತ ತಿಳ್ಕೊಂಡಿದ್ದೆ ಅಕ್ಕಾ" ಎಂದು ಆಮೇಲೆ ನಮಗೆ ಹೇಳಿದ. ಅಷ್ಟರಲ್ಲಿ ಬೀದರಿನ ಆಸ್ಪತ್ರೆಯಲ್ಲಿ ಮೂರು ದಿನ ಸಲೈನ್ ಹಾಕಿಸಿಕೊಂಡು ಬಂದಿದ್ದ.

ಅವನಿಗೆ ಆಗಿದ್ದು ರ‍್ಯಾಬ್ಡೊಮಯೊಲಿಸಿಸ್. ಸ್ನಾಯುವಿನ ಜೀವಕೋಶಗಳು ಒಡೆದು, ಒಳಗಿನ ಮಯೊಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ತಲುಪುವ ಸ್ಥಿತಿ ಇದು. ಪ್ರಮಾಣ ಹೆಚ್ಚಾದರೆ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಬೈಠಕ್‌ನಲ್ಲಿ ಕೂರುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ಸ್ನಾಯುವಿಗೆ ಅತಿ ಹೆಚ್ಚು ಪೆಟ್ಟು ಕೊಡುವುದು ಇಂಥ ಚಲನೆಯೇ. ಅದರ ಮೇಲೆ ಬೇಸಿಗೆಯ ಬಿಸಿಲು, ಕಡಿಮೆ ನೀರು, ನೋವು ತಡೆಯಲಾರದೆ ನುಂಗುವ ಮಾತ್ರೆ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಹುಡುಗ ನೋಡಿದ ತುಣುಕು ಸುಳ್ಳೇ? ಅಲ್ಲ. ಪರದೆಯ ಮೇಲಿನ ಶಿಷ್ಯ ನಿಜವಾಗಿಯೂ ಬೈಠಕ್ ಹೊಡೆದಿರಬಹುದು. ಆದರೆ ಅವನ ಹಿಂದಿನ ವರ್ಷಗಳು ಪರದೆಗೆ ಬಂದಿರಲಿಲ್ಲ.

ಐದು ದಿನದ ಹಿಂದಿನ ವರ್ಷಗಳು

ಈ ಬಗೆಯ ಸರಣಿಗಳಿಗೆ ಈಗ ನಾಲ್ಕು ದಶಕದ ವಯಸ್ಸು. ಬಿಬಿಸಿ 1983ರಲ್ಲಿ 'ದಿ ವೇ ಆಫ್ ದಿ ವಾರಿಯರ್' ಪ್ರಸಾರ ಮಾಡಿತು; ಅದರ ಒಂದು ಕಂತು ಕೇರಳದ ಕಳರಿಪಯಟ್ಟಿನದು. 2007ರಲ್ಲಿ ಹಿಸ್ಟರಿ ಚಾನೆಲ್‌ನ 'ಹ್ಯೂಮನ್ ವೆಪನ್' ಬಂತು. ಅದೇ ವರ್ಷದ ಕೊನೆಗೆ ಡಿಸ್ಕವರಿಯಲ್ಲಿ 'ಫೈಟ್ ಕ್ವೆಸ್ಟ್' ಶುರುವಾಯಿತು. ಎರಡರ ಅಚ್ಚೂ ಹೆಚ್ಚುಕಡಿಮೆ ಒಂದೇ. ಇಬ್ಬರು ನಿರೂಪಕರು ಒಂದು ದೇಶಕ್ಕೆ ಹೋಗುತ್ತಾರೆ, ಅಲ್ಲಿನ ಗುರುಗಳ ಬಳಿ ಕೆಲವು ದಿನ ಕಲಿಯುತ್ತಾರೆ, ಕೊನೆಗೆ ಪಳಗಿದ ಪಟುವಿನ ಎದುರು ಕಣಕ್ಕಿಳಿಯುತ್ತಾರೆ. 'ಫೈಟ್ ಕ್ವೆಸ್ಟ್'ನಲ್ಲಿ ಈ ಕಲಿಕೆಗೆ ಸಿಗುತ್ತಿದ್ದದ್ದು ಐದೇ ದಿನ. ಕಳರಿಯೂ ಅದರ ಒಂದು ಕಂತಾಯಿತು.

ನೋಡುಗರಲ್ಲಿ ಉಳಿಯುವುದು 'ಐದು ದಿನದಲ್ಲಿ ಇಷ್ಟು ಕಲಿತರಲ್ಲ' ಎಂಬ ಬೆರಗು. ಆದರೆ 'ಫೈಟ್ ಕ್ವೆಸ್ಟ್'ನ ಜಿಮ್ಮಿ ಸ್ಮಿತ್ ಮತ್ತು ಡಗ್ ಆಂಡರ್ಸನ್ ಆ ಹೊತ್ತಿಗೇ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ನಲ್ಲಿ ಪಳಗಿದವರು. 'ಹ್ಯೂಮನ್ ವೆಪನ್'ನ ಜೇಸನ್ ಚೇಂಬರ್ಸ್ ಕೂಡ ಅದೇ ಕ್ರೀಡೆಯವರು. ಜೊತೆಗಾರ ಬಿಲ್ ಡಫ್ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಆಟಗಾರರಾಗಿದ್ದವರು. ಅವರ ತೊಡೆ, ಭುಜ, ಉಸಿರು ವರ್ಷಗಟ್ಟಲೆ ಸಿದ್ಧವಾಗಿದ್ದವು. ಆ ಐದು ದಿನಗಳಲ್ಲಿ ಅವರು ಕಲಿತದ್ದು ಹೊಸ ಪಟ್ಟುಗಳನ್ನು. ಮೈ ಕಟ್ಟುವ ಕೆಲಸ ಎಂದೋ ಮುಗಿದಿತ್ತು. ಸಂಪ್ರದಾಯದಂತೆ ಕಳರಿ ಕಲಿಯುವವರು ಮೈಪಳಗಿಸುವ 'ಮೆಯ್ತಾರಿ'ಯಿಂದ ಶುರುಮಾಡಿ ಕೋಲಿಗೆ, ಆಮೇಲೆ ಲೋಹದ ಆಯುಧಕ್ಕೆ ಹೋಗುತ್ತಾರೆ. ಇದಕ್ಕೆ ವರ್ಷಗಳೇ ಬೇಕು.

ಸಂವಹನ ಓದಿದ ನಮಗೆ ಇನ್ನೊಂದು ಲೆಕ್ಕವೂ ಕಾಣುತ್ತದೆ. ಒಂದು ತಾಸಿನ ಕಂತಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಮುಕ್ಕಾಲು ತಾಸು. ಅದರಲ್ಲಿ ಊರಿನ ಪರಿಚಯ, ಕಲೆಯ ಇತಿಹಾಸ, ಮಾತುಕತೆ, ಕೊನೆಯ ಕಾಳಗ ಎಲ್ಲ ಸೇರಬೇಕು. ದಿನಕ್ಕೆ ಆರು ತಾಸು ಸಾಮು ನಡೆದಿದ್ದರೆ ಐದು ದಿನಕ್ಕೆ ಮೂವತ್ತು ತಾಸು. ಪರದೆಗೆ ಬರುವುದು ಹತ್ತು ಹದಿನೈದು ನಿಮಿಷ. ಸಂಕಲನಕಾರ ಅದರಲ್ಲಿ ಏನನ್ನು ಇಟ್ಟುಕೊಳ್ಳುತ್ತಾನೆ? ಬೆವರು, ಬೀಳುವುದು, ಗುರುವಿನ ಗದರಿಕೆ, ಒಡೆಯುವ ಹಲಗೆ. ಒಂದೇ ಹೆಜ್ಜೆಯನ್ನು ಇನ್ನೂರು ಸಲ ಹಾಕುವುದನ್ನು ಯಾರೂ ಕೂತು ನೋಡುವುದಿಲ್ಲವಾದ್ದರಿಂದ ಅದು ಮೊದಲು ಕತ್ತರಿಗೆ ಸಿಗುತ್ತದೆ. ಹೊಡೆತದ 'ಢಬ್' ಸದ್ದನ್ನೂ ಎಷ್ಟೋ ಸಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಾರೆ.

ಕಲ್ಯಾಣದ ಅರಸ ಬರೆಸಿಟ್ಟ ತಾಲೀಮು

ಹುಮನಾಬಾದಿನಿಂದ ಬಸ್ಸು ಹಿಡಿದರೆ ಬಸವಕಲ್ಯಾಣ ತಾಸಿನ ಆಚೀಚೆಯ ಹಾದಿ. ಈ ಊರಿಗೂ ಕುಸ್ತಿಯ ತರಬೇತಿಗೂ ಇರುವ ಹಳೆಯ ನಂಟು ಇಲ್ಲಿನ ಹುಡುಗರಿಗೇ ಅಷ್ಟಾಗಿ ಗೊತ್ತಿಲ್ಲ. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿದ್ದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಅವನ ಬಿರುದೇ 'ಭೂಲೋಕಮಲ್ಲ'. ಇಡ್ಲಿಯ ಇತಿಹಾಸ ಹುಡುಕುವವರೆಲ್ಲ ತಿರುವಿಹಾಕುವ ಗ್ರಂಥ ಇದೇ. ಅಡುಗೆಗೆ ಸಿಕ್ಕ ಪ್ರಚಾರ ಅದರ 'ಮಲ್ಲವಿನೋದ' ಭಾಗಕ್ಕೆ ಸಿಗಲಿಲ್ಲ ಎನ್ನುವುದು ನಮ್ಮ ಸಣ್ಣ ತಕರಾರು.

ಮಲ್ಲವಿನೋದದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಲಾಗಿದೆ. ಎಲ್ಲರಿಗೂ ಒಂದೇ ಸಾಮು ಇಲ್ಲ ಎಂಬ ತಿಳಿವಳಿಕೆ ಅದರ ಬುಡದಲ್ಲೇ ಇದೆ. ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ವ್ಯಾಯಾಮಗಳಿಗೆ ಬೇರೆಬೇರೆ ಹೆಸರುಗಳಿವೆ. ಈ ಸ್ತಂಭಶ್ರಮವನ್ನು ಮಲ್ಲಕಂಬದ ಬಹಳ ಹಳೆಯ ಉಲ್ಲೇಖ ಎಂದು ಗುರುತಿಸುತ್ತಾರೆ. ಜಟ್ಟಿಗಳು ಏನು ಉಣ್ಣಬೇಕು ಎಂಬುದೂ ಅಲ್ಲಿದೆ: ಕಾಳು, ಮಾಂಸ, ಹಾಲಿನ ಪದಾರ್ಥ. ಕಾಳಗದ ವರ್ಣನೆ ಬರುವುದು ಇಷ್ಟೆಲ್ಲ ಸಿದ್ಧತೆಯ ಜೊತೆಯಲ್ಲಿ.

ಬಸವಕಲ್ಯಾಣದ ಹಿರಿಯ ವಸ್ತಾದರೊಬ್ಬರಿಗೆ ನಾವು ಅಂಥದೇ ಒಂದು ಸರಣಿಯ ಕೆಲವು ನಿಮಿಷಗಳನ್ನು ತೋರಿಸಿದೆವು. ಅವರು ಪೂರ್ತಿ ನೋಡಿ, "ಇವ್ರು ಉಂಡಿದ್ದು, ಮಲಗಿದ್ದು ಎಲ್ಲಿ ತೋರಿಸ್ಯಾರ?" ಎಂದು ಕೇಳಿದರು. ಹೊಸ ಹುಡುಗರಿಗೆ ಎಷ್ಟು ಬೈಠಕ್ ಹೇಳುತ್ತೀರಿ ಎಂದರೆ, "ಮೊದ್ಲ ವಾರ ಇಪ್ಪತ್ತು. ಹೆಚ್ಗಿ ಹೊಡೀತೀನಿ ಅಂದ್ರ ಮಣ್ಣು ಅಗೀಲಾಕ ಹಚ್ತೀನಿ" ಎಂದು ನಕ್ಕರು.

ಈ ಇಪ್ಪತ್ತರ ಹಿಂದೆ ಶರೀರಶಾಸ್ತ್ರವಿದೆ. ಹೊಸ ಚಲನೆಯೊಂದನ್ನು ಸ್ವಲ್ಪವೇ ಮಾಡಿ ಬಿಟ್ಟರೆ ಸ್ನಾಯುವಿಗೆ ಸಣ್ಣ ಹಾನಿಯಾಗಿ ದುರಸ್ತಿಯಾಗುತ್ತದೆ. ಆಮೇಲೆ ಕೆಲವು ವಾರಗಳ ತನಕ ಅದೇ ಚಲನೆಯಿಂದ ಆಗುವ ಹಾನಿ ಕಡಿಮೆ. ಒಂದು ಸಲದ ಹಗುರ ಸಾಮು ಮುಂದಿನ ಸಲಕ್ಕೆ ಲಸಿಕೆ ಹಾಕಿದಂತೆ. ಐನೂರು ಬೈಠಕ್ ಹೊಡೆಯುವ ಪೈಲ್ವಾನನಿಗೆ ಮೂತ್ರ ಕಪ್ಪಾಗದೆ ನಮ್ಮ ಹುಡುಗನಿಗೆ ಆದದ್ದರ ದೊಡ್ಡ ಕಾರಣ ಇದೇ.

ಮೂಳೆಯದು ಇನ್ನೂ ನಿಧಾನದ ಕೆಲಸ. ಬೀಳುವ ಹೊರೆಗೆ ತಕ್ಕಂತೆ ಮೂಳೆ ತನ್ನನ್ನು ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಆದರೆ ಹಳೆಯ ಮೂಳೆ ಕರಗಿ ಹೊಸದು ತುಂಬಿಕೊಳ್ಳಲು ತಿಂಗಳುಗಳು ಬೇಕು. ಗೋಡೆಗೆ ಮುಷ್ಟಿ ಗುದ್ದಿ ಕೈ ಗಟ್ಟಿಮಾಡಿಕೊಳ್ಳಲು ಹೊರಟವರಿಗೆ ಸಾಮಾನ್ಯವಾಗಿ ಸಿಗುವುದು ಕಿರುಬೆರಳಿನ ಗೆಣ್ಣಿನ ಹಿಂದೆ, ಅಂಗೈಯ ಮೂಳೆ ಮುರಿತ. ಹದಿಹರೆಯದವರಲ್ಲಿ ಮೂಳೆಯ ತುದಿಯ ಬೆಳೆಯುವ ಭಾಗ ಇನ್ನೂ ಮುಚ್ಚಿರುವುದಿಲ್ಲ. ಅಲ್ಲಿ ಪೆಟ್ಟಾದರೆ ಬೆಳವಣಿಗೆಗೇ ತೊಂದರೆಯಾಗಬಹುದು.

ಹಲಗೆ ಒಡೆಯುವುದು ಮೋಸವೇ?

ಇದನ್ನು ಓದುಗರು ಆಗಾಗ ಕೇಳುತ್ತಾರೆ. ಮೋಸವಲ್ಲ, ಆದರೆ ಅಂದುಕೊಂಡಂಥ ಪವಾಡವೂ ಅಲ್ಲ. 1979ರಲ್ಲಿ ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್ ಮತ್ತು ಸ್ಟೀಫನ್ ವಿಲ್ಕ್ ಎಂಬ ಭೌತವಿಜ್ಞಾನಿಗಳು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಕರಾಟೆಯ ಹೊಡೆತವನ್ನು ಅಳೆದು ಬರೆದರು. ಇವರಲ್ಲಿ ಮೆಕ್‌ನೇರ್ ಸ್ವತಃ ಕರಾಟೆಯ ಕಪ್ಪುಪಟ್ಟಿಯವರು. ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ದುರಂತದಲ್ಲಿ ತೀರಿಕೊಂಡರು. ಪಳಗಿದ ಕೈಯ ವೇಗ ಸೆಕೆಂಡಿಗೆ 10ರಿಂದ 14 ಮೀಟರ್‌ವರೆಗೆ, ಅಂದರೆ ಗಂಟೆಗೆ ಸುಮಾರು 36ರಿಂದ 50 ಕಿಲೋಮೀಟರ್, ತಲುಪುತ್ತದೆ. ಕಾಂಕ್ರೀಟು ಒತ್ತಿದರೆ ಗಟ್ಟಿ, ಎಳೆದರೆ ದುರ್ಬಲ. ಎಳೆತ ತಾಳುವ ಶಕ್ತಿ ಒತ್ತಡ ತಾಳುವುದರ ಸುಮಾರು ಹತ್ತನೇ ಒಂದು ಪಾಲು. ಎರಡು ತುದಿಗೆ ಆಸರೆ ಕೊಟ್ಟ ಬಿಲ್ಲೆಯ ನಡುವೆ ಹೊಡೆದಾಗ ಅದು ಬಾಗಿ, ಕೆಳಮೈ ಎಳೆತಕ್ಕೆ ಸಿಕ್ಕು ಅಲ್ಲಿಂದ ಬಿರುಕು ಏಳುತ್ತದೆ. ಮರದ ಹಲಗೆಯನ್ನು ಅದರ ಎಳೆಯ ಗುಂಟ ಸೀಳುವಂತೆಯೇ ಜೋಡಿಸಿರುತ್ತಾರೆ. ಸಾಲಾಗಿ ಇಟ್ಟ ಹಲಗೆಗಳ ನಡುವೆ ಸಣ್ಣ ತುಂಡು ಕೊಟ್ಟು ಸಂದಿ ಬಿಟ್ಟರೆ ಒಂದೊಂದೂ ಬೇರೆಬೇರೆಯಾಗಿ ಬಾಗುತ್ತದೆ. ಸಂದಿಯಿಲ್ಲದೆ ಒತ್ತಾಗಿ ಜೋಡಿಸಿದರೆ ಒಡೆಯುವುದು ಬಹಳ ಕಷ್ಟ. ಕ್ಯಾಮೆರಾ ಕೈಯನ್ನೇ ಹಿಂಬಾಲಿಸುವುದರಿಂದ ಈ ಜೋಡಣೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇಲ್ಲೊಂದು ಎಚ್ಚರಿಕೆ: ಹಲಗೆ ಒಡೆದರೆ ಕೈ ಮುಂದೆ ಸಾಗುತ್ತದೆ. ಒಡೆಯದಿದ್ದರೆ ಕೈ ಅಲ್ಲೇ ತಟ್ಟನೆ ನಿಂತು ಅಷ್ಟೂ ಪೆಟ್ಟನ್ನು ಮೂಳೆಯೇ ನುಂಗಬೇಕಾಗುತ್ತದೆ. ಅಂಜಿ ಅರ್ಧ ಹೊಡೆಯುವ ಹೊಸಬರಿಗೆ ಕೈ ಮುರಿಯುವುದು ಹೀಗೆ.

ತೂಕ ಇಳಿಸಲು ಪೈಲ್ವಾನರು ನೀರು ಬಿಟ್ಟು ಬೆವರು ಹರಿಸುವ ದೃಶ್ಯವನ್ನು ಕೆಲವು ಕಾರ್ಯಕ್ರಮಗಳು ತಪಸ್ಸಿನಂತೆ ತೋರಿಸುತ್ತವೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಅಲ್ಲಿನ ನಿಯಮಗಳು ಬದಲಾದದ್ದು ಅದರ ನಂತರವೇ. ನಮ್ಮ ಕಡೆಯ ಜಾತ್ರೆಯ ಜಂಗಿ ಕುಸ್ತಿಗೆ ತಯಾರಾಗುವ ಹುಡುಗರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಹೊಸ ಸಾಮು ಮಾಡಿದ ಮೇಲೆ ಒಂದೆರಡು ದಿನ ಮೈ ನೋಯುವುದು ಸಹಜ. ಆದರೆ ತೊಡೆ ಅಥವಾ ತೋಳು ಬಾತುಕೊಂಡಿದ್ದರೆ, ನೋವು ದಿನೇದಿನೇ ಹೆಚ್ಚುತ್ತಿದ್ದರೆ, ಮೂತ್ರ ಕಂದು ಅಥವಾ ಚಹಾ ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಎಷ್ಟು ಬೈಠಕ್ ಹೊಡೆದಿರಿ ಎಂದು ವೈದ್ಯರಿಗೆ ನಾಚಿಕೆಯಿಲ್ಲದೆ ಹೇಳಿ. ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆಯಲ್ಲಿ ಸ್ನಾಯುವಿನ ಹಾನಿ ಗೊತ್ತಾಗುತ್ತದೆ. ಹುಮನಾಬಾದಿನ ಹುಡುಗ ಮೊದಲ ದಿನ ವೈದ್ಯರಿಗೆ ಜ್ವರ ಎಂದಷ್ಟೇ ಹೇಳಿದ್ದ. ಪಣದ ವಿಷಯ ಬಾಯಿಬಿಟ್ಟದ್ದು ಅವನ ತಂಗಿ. ಈಗ ಅವನು ವಾರಕ್ಕೆ ಮೂರು ದಿನ ತಾಲೀಮಿಗೆ ಹೋಗುತ್ತಾನೆ. ಮೊನ್ನೆ ಕೇಳಿದಾಗ ಲೆಕ್ಕ ನಲವತ್ತಕ್ಕೆ ಬಂದಿತ್ತು.